ಕೊನೆಯ ಕಾಲು ಸುತ್ತು

"ಗೊಣಗೋ ಇಂಜಿನ್ನು ಬಾಳ್ತದೆ, ಕಿರುಚೋ ಇಂಜಿನ್ನು ಸಾಯ್ತದೆ" ಎಂಬುದು ಕಾಳಪ್ಪಾಚಾರ್ರ ಮನೆಯ ಗಾದೆ. ಊರಿನ ಮಿಕ್ಕ ಗಾದೆಗಳನ್ನು ಯಾರು ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಇದನ್ನು ಕಟ್ಟಿದವರು ಮಾತ್ರ ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ತಮ್ಮ ಹೆಂಚಿನ ಮನೆಯ ಮುಂದಿನ ಶೀಟಿನ ಶೆಡ್ಡಿನಲ್ಲಿ, ಹಲಸಿನ ಮಣೆಯ ಮೇಲೆ ಕಾಲು ಮಡಿಸಿ ಕೂತಿರುತ್ತಿದ್ದರು. ಅವರ ಹೆಂಡತಿ ಲಲಿತಮ್ಮ ಆ ಗಾದೆಯನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡಿದ್ದರು. "ನಾನು ಗೊಣಗೋದಕ್ಕೇ ಈ ಸಂಸಾರ ಬಾಳ್ತಾ ಇರಾದು" ಎನ್ನುತ್ತಿದ್ದರು.

ಕಮ್ಮಾರಿಕೆಯ ಮನೆತನ. ಕಾಳಪ್ಪನವರ ಅಪ್ಪ ನೇಗಿಲ ಗುಳ, ಕುಡುಗೋಲು, ಬಂಡಿಯ ಪಟ್ಟಿ ಎಂದು ಬದುಕಿದರು. ನೇಗಿಲು ಹೋಗಿ ಟ್ರಾಕ್ಟರು ಬಂತು, ಬಂಡಿ ಹೋಗಿ ಗೂಡ್ಸ್ ಆಟೋ ಬಂತು, ಕುಲುಮೆ ತಣ್ಣಗಾಯಿತು. ಕಾಳಪ್ಪ ಪಂಪ್‌ಸೆಟ್ಟು ಬಿಚ್ಚಿದರು, ಔಷಧಿ ಹೊಡೆಯುವ ಮಿಷನ್ನು ಬಿಚ್ಚಿದರು, ಕೊನೆಗೆ ಮರ ಕುಯ್ಯುವ ಚೈನ್‌ಸಾಗೆ ಬಂದು ನಿಂತರು. ಆಲೆಮನೆಗೆ ಸೌದೆ ಕುಯ್ಯುವವರು, ಒಣಗಿದ ತೆಂಗು ಉರುಳಿಸುವವರು, ಕರೆಂಟಿನ ತಂತಿಗೆ ತಾಗುವ ಕೊಂಬೆ ಸವರುವವರು, ಎಲ್ಲರೂ ಶ್ರೀರಂಗಪಟ್ಟಣದಿಂದಲೂ ನಾಗಮಂಗಲದಿಂದಲೂ ಹುಡುಕಿಕೊಂಡು ಇಲ್ಲಿಗೇ ಬರುತ್ತಿದ್ದರು. ಹಳೆಯ ಕುಲುಮೆಯದು ಎಂದು ಉಳಿದದ್ದು ಎರಡೇ: ಮಣೆಯ ಪಕ್ಕದ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಮತ್ತು ಅಮಾವಾಸ್ಯೆಯ ದಿನ ಆಯುಧ ಮುಟ್ಟಬಾರದೆಂಬ ಕಟ್ಟಳೆ.

ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮಗ ಪ್ರಸಾದನ ಕೆಲಸ. ನಲವತ್ತು ದಾಟಿದ ಪ್ರಸಾದನ ಕೈ ಅಪ್ಪನ ಕೈಗಿಂತ ಚುರುಕು. ಕೇಳಿದವರಿಗೆ ಇಂಜಿನ್ನಿನ ಬಲ ಹೆಚ್ಚಿಸಿಯೂ ಕೊಡುತ್ತಿದ್ದ. ಹೊಗೆ ಹೊರಡುವ ಕಂಡಿಯನ್ನು ಸಣ್ಣ ಅರದಿಂದ ಕೂದಲೆಳೆಯಷ್ಟು ಅಗಲಿಸುವುದು, ಸೈಲೆನ್ಸರಿಗೆ ಇನ್ನೊಂದು ತೂತು ಕೊರೆಯುವುದು, ಇಂಥವು. ಆದರೆ ಕಾರ್ಬೇಟರಿನ ಸ್ಕ್ರೂ ಮಾತ್ರ ಅಪ್ಪನದು. ಇಂಜಿನ್ನನ್ನು ಪೂರಾ ವೇಗಕ್ಕೆ ಎಬ್ಬಿಸಿ, ಕಿವಿಗೊಟ್ಟು, ಗಾಳಿ ಎಷ್ಟು ಪೆಟ್ರೋಲು ಎಷ್ಟು ಎಂದು ತೀರ್ಮಾನಿಸುವ ಆ ಕೊನೆಯ ಕಾಲು ಸುತ್ತಿಗೆ ಇನ್ನೊಬ್ಬರು ಕೈ ಹಾಕಿದ್ದೇ ಇಲ್ಲ. ಸ್ಕ್ರೂ ಬಿಗಿಯಾದರೆ ಪೆಟ್ರೋಲು ಕಡಿಮೆಯಾಗಿ ಇಂಜಿನ್ನು ಕಿರುಚುತ್ತದೆ, ಕಾಯುತ್ತದೆ. ಸಡಿಲವಾದರೆ ಮುಕ್ಕರಿಯುತ್ತದೆ. ಎರಡರ ನಡುವೆ ಒಂದು ಕಡೆ, ಕಾಫಿ ತಡವಾದ ಮುದುಕಿಯ ಹಾಗೆ ಗೊಣಗುತ್ತದೆ. ಅದೇ ಸರಿಯಾದ ಜಾಗ.

ಸೊಸೆ ರಮ್ಯಶ್ರೀ ಕೆ.ಆರ್. ಪೇಟೆಯ ಅಕ್ಕಸಾಲಿಗರ ಮನೆಯ ಹುಡುಗಿ. ತವರಿನಲ್ಲಿ ಊದುಗೊಳವೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಕಿಟಕಿಯಾಚೆ ಇಂಜಿನ್ನು ಎದ್ದಾಗಲೆಲ್ಲ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಹದಿನೇಳು ವರ್ಷ ಆಯಿತು. ಈಗ ಆ ಸದ್ದಿನಲ್ಲೇ ಒಗ್ಗರಣೆ ಹಾಕುತ್ತಾಳೆ, ಆ ಸದ್ದಿನಲ್ಲೇ ಮಗಳನ್ನು ಬೈಯುತ್ತಾಳೆ.

ಆ ವರ್ಷ ಯುಗಾದಿ ಕಳೆದು ಮೊದಲ ಗಾಳಿಮಳೆ ಬಿದ್ದ ವಾರ, ಗಂಜಾಂ ಕಡೆ ಮರ ಕುಯ್ಯುವ ಚಲುವರಾಜು ಗೋಣಿಚೀಲದಲ್ಲಿ ಮಿಷನ್ನು ಸುತ್ತಿಕೊಂಡು ಬಂದು ಶೆಡ್ಡಿನ ಮುಂದೆ ಬೈಕು ನಿಲ್ಲಿಸಿದ.

"ಪ್ರಸಾದಣ್ಣ, ಮತ್ತೆ ಇಡ್ಕಂಬುಡ್ತು."

"ಏನ್ಲಾ ಇದು, ಯುಗಾದಿ ಆದ್ಮೇಲೆ ತಾನೆ ಒಸಾ ಪಿಸ್ಟನ್ ಹಾಕಿದ್ದು?"

"ಅತ್ತೊಂಬತ್ತು ದಿನ ಆಯ್ತು. ರೋಡ್ ಮಗ್ಗುಲ್ದು ಮಳೆಮರ ಕಣಣ್ಣ. ಅರ್ಧ ಕುಯ್ದಿವ್ನಿ, ಗಕ್ ಅಂತ ನಿಂತೋಯ್ತು. ಮರ ರಸ್ತೆ ಕಡೀಕೆ ವಾಲ್ಕಂಡದೆ, ಕೆಳಗೆ ನಿಮಿಷಾಂಬ ಗುಡಿಗೆ ಓಗೋ ಜನ. ಅಗ್ಗ ಕಟ್ಟಿ ಆರು ಜನ ಎಳ್ಕಂಡು ನಿಂತಿದ್ವಿ, ಇನ್ನೊಂದು ಮಿಷನ್ ಬರಗಂಟ. ನನ್ನೆದೆ ಇನ್ನೂ ಅದುರ್ತಾ ಅದೆ."

ಪ್ರಸಾದ ಸೈಲೆನ್ಸರು ಬಿಚ್ಚಿ ಕಂಡಿಯೊಳಗೆ ಟಾರ್ಚು ಹಿಡಿದ. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೆರೆ. ಕಾದು, ಉಬ್ಬಿ, ಬೋರಿನೊಳಗೇ ಕಚ್ಚಿಕೊಂಡಿತ್ತು.

"ಪೆಟ್ರೋಲ್ಗೆ ಆಯಿಲ್ ಎಷ್ಟು ಹಾಕಿದ್ದೆ?"

"ನಿಮ್ಮಪ್ಪಾರು ಯೋಳಿದ ಅಳ್ತೇನೇ. ನನ್ ಎಂಡ್ತಿ ಮಕ್ಕಳಾಣೆ."

ಆ ತಿಂಗಳಲ್ಲಿ ಹೀಗೆ ಕಚ್ಚಿಕೊಂಡದ್ದು ಇದು ಮೂರನೆಯ ಸಲ, ಚಲುವರಾಜುವಿನದೇ ಎರಡು. ನಾಗಮಂಗಲದ ತಮ್ಮಯ್ಯನ ಮಿಷನ್ನೂ ಹೀಗೇ ಕಚ್ಚಿಕೊಂಡು ಬಂದು ಅಟ್ಟದ ಮೇಲೆ ಬಿದ್ದಿತ್ತು. ತಮ್ಮಯ್ಯ ಸಂಜೆಯಾದರೆ ಕುಡಿಯುವವನು, ಆಯಿಲ್ಲು ಮರೆತಿರುತ್ತಾನೆ ಎಂದು ಅದರ ಗೊಡವೆಗೆ ಯಾರೂ ಹೋಗಿರಲಿಲ್ಲ.

ಮಣೆಯ ಮೇಲಿಂದ ಕಾಳಪ್ಪ, "ಏನಂತೆ?" ಎಂದರು.

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಲಲಿತಮ್ಮ, "ಚಲುವರಾಜುದು ಮತ್ತೆ ಇಡ್ಕಂತಂತೆ. ಮತ್ತೆ ಇಡ್ಕಂತಂತೆ ಕಣ್ರೀ" ಎಂದು ಎರಡೆರಡು ಸಲ ಹೇಳಿದರು.

ಮಧ್ಯಾಹ್ನ ಮುದ್ದೆ, ಬಸ್ಸಾರು. ಅಪ್ಪ ಮಗ ಎದುರುಬದುರು ಕೂತರು. ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಪ್ರಸಾದನ ಮಗಳು ಭೂಮಿಕ ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನು ಕಿತ್ತಿಟ್ಟು ತಟ್ಟೆಯ ಮುಂದೆ ಬಂದಳು.

"ಸೈಲೆನ್ಸರ್ಗೆ ತೂತು ಕೊರ್ದು ಕೊರ್ದು ಇಂಜಿನ್ ಪ್ರಾಣ ತಗೀತಾ ಇದೀಯ ಕಣ್ಲಾ" ಎಂದರು ಕಾಳಪ್ಪ. "ದೇವ್ರು ಕೊಟ್ಟಷ್ಟು ಬಲ ಸಾಲ್ದಾ ಅದಕ್ಕೆ?"

"ಅದನ್ನ ಮಾಡಿದ್ದು ದೇವ್ರಲ್ಲ, ಕಂಪ್ನಿ. ಎರಡು ವರ್ಷದಿಂದ ತೂತು ಕೊರೀತಾ ಇವ್ನಿ, ಒಂದಾದ್ರೂ ವಾಪಸ್ ಬಂದಿತ್ತಾ?"

"ಆಂ?"

"ಎರಡು ವರ್ಷದಿಂದ ವಾಪಸ್ ಬಂದಿರ್ಲಿಲ್ವಂತೆ" ಎಂದರು ಲಲಿತಮ್ಮ. "ಬಂದಿರ್ಲಿಲ್ವಂತೆ."

"ತಾತ, ಉಪ್ಪಿನಕಾಯಿ" ಎಂದು ಭೂಮಿಕ ಕೈ ಚಾಚಿದಳು. ತಾತ ನೀರಿನ ಚೊಂಬು ಎತ್ತಿ ಕೊಟ್ಟರು.

"ಉಪ್ಪಿನಕಾಯಿ ಕೇಳ್ತಾವ್ಳೆ ಮಗ. ಉಪ್ಪಿನಕಾಯಿ."

"ಅಜ್ಜಿ, ಒಂದ್ಸಲ ಯೋಳಿದ್ರೆ ಸಾಕು. ನೀನೊಬ್ಳೇ ಇಬ್ಬರಾಗ್ಬುಟ್ಟಿದೀಯ."

ಎಲ್ಲರೂ ನಕ್ಕರು. ಅತ್ತೆಗೆ ವಯಸ್ಸಾಯಿತು, ಹೇಳಿದ್ದನ್ನೇ ಹೇಳುತ್ತಾರೆ ಎಂದು ರಮ್ಯಶ್ರೀಯೂ ನಕ್ಕಳು. ನಗದೆ ಇದ್ದವನು ಪ್ರಸಾದನೊಬ್ಬನೇ. ಮುದ್ದೆ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡ. ಚಲುವರಾಜುವಿನ ಮಿಷನ್ನಿಗೆ ತನ್ನ ದುಡ್ಡಿನಲ್ಲೇ ಹೊಸ ಪಿಸ್ಟನ್ನು ತರಿಸಿ ಜೋಡಿಸತೊಡಗಿದ. ಈ ಸಲ ಬೇರೆ ಸೈಲೆನ್ಸರು ಹಾಕಿದ, ತೂತು ಕೊರೆಯಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ರಮ್ಯಶ್ರೀ ಹುರುಳಿಕಾಳಿಗೆ ಕುಕ್ಕರು ಇಟ್ಟಳು. ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಮಾವ ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತು ಚೈನಿನ ಹಲ್ಲುಗಳಿಗೆ ಅರ ಹಾಕುತ್ತಿದ್ದರು. ಒಲೆಗೆ ಎರಡು ಮಾರು ದೂರ.

"ಮಾವ, ನಾಕು ಕೂಗಿದ್ ಮೇಲೆ ಒಲೆ ಆರಿಸ್ಬುಡಿ" ಎಂದು ಕೈಬೆರಳು ತೋರಿಸಿ, ಕೊಡ ತೆಗೆದುಕೊಂಡು ಹೋದಳು.

ಬೀದಿಯ ನಲ್ಲಿಯ ಹತ್ತಿರ ಆರು ಕೊಡ ಹಿಡಿಯುವಷ್ಟರಲ್ಲಿ ಕುಕ್ಕರು ಕೂಗಿದ್ದು ಅಲ್ಲಿಗೇ ಕೇಳಿಸಿತು. ನಾಲ್ಕಾಯಿತು, ಏಳಾಯಿತು, ಹತ್ತಾಯಿತು. ಮಾವ ಎದ್ದು ಎಲ್ಲೋ ಹೋಗಿದ್ದಾರೆ ಎಂದುಕೊಂಡು ಓಡಿ ಬಂದರೆ, ಅವರು ಕೂತ ಜಾಗದಲ್ಲೇ ಕೂತಿದ್ದರು. ಸೀದ ವಾಸನೆ ಹಿತ್ತಿಲಿನವರೆಗೆ ಹರಡಿತ್ತು. ಅವರ ಎದುರಿಗೇ ಕುಕ್ಕರು ಹನ್ನೊಂದನೆಯ ಸಲ ಕೂಗಿತು. ಮಾವ ತಲೆ ಎತ್ತಿ ಸೊಸೆಯನ್ನು ನೋಡಿ ನಕ್ಕರು.

"ಇನ್ನೂ ಒಂದೂ ಕೂಗಿಲ್ಲ ಕಣವ್ವ. ಗ್ಯಾಸ್ ಮುಗ್ದೋಗದೇನೋ ನೋಡು" ಎಂದರು.

ರಮ್ಯಶ್ರೀ ಕುಕ್ಕರನ್ನು ನೋಡಿದಳು, ಮಾವನನ್ನು ನೋಡಿದಳು. ಕೊಡವನ್ನು ಕೆಳಗಿಟ್ಟು ಒಲೆ ಆರಿಸಿದಳು. ಹಿತ್ತಿಲಿನಿಂದ ಓಡಿ ಬಂದ ಲಲಿತಮ್ಮ ಸೊಸೆಯ ಮುಖ ನೋಡಿದರು, ಗಂಡನ ಮುಖ ನೋಡಿದರು.

"ನಾನೇ ಆರಿಸ್ತೀನಿ ಅಂದಿದ್ದೆ, ಮರೆತ್ಬುಟ್ಟೆ. ಬುಡು, ನಾನೇ ಉಜ್ತೀನಿ" ಎಂದು ಬಿಸಿ ಕುಕ್ಕರನ್ನು ಸೆರಗಿನಲ್ಲೇ ಹಿಡಿದುಕೊಂಡು ಹಿತ್ತಿಲಿಗೆ ನಡೆದರು. ರಮ್ಯಶ್ರೀ ಹಿಂದೆಯೇ ಹೋದಳು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಟ್ಟುಕೊಂಡು ಅತ್ತೆ ಬೂದಿ ಹಾಕಿ ತಿಕ್ಕುತ್ತಿದ್ದರು. ಮುಖ ಎತ್ತಲಿಲ್ಲ.

"ಯಾವಾಗಿಂದ ಅತ್ತೆ?"

"ಏನು?"

"ಮಾವಂಗೆ ಕಿವಿ."

ತಿಕ್ಕುವ ಕೈ ನಿಂತಿತು. "ಓದ ದೀಪಾವಳಿಯಿಂದ. ದಪ್ಪ ದನಿ ಕೇಳುಸ್ತದೆ. ಸಣ್ ದನಿ, ಕೀಚಲು, ಕುಕ್ಕರು, ಭೂಮಿಕನ ಮಾತು ಇವೆಲ್ಲ ಓಯ್ತು. ಅವ್ರಾಗೇ ಯೋಳಿಲ್ಲ. ನಾನೂ ಕೇಳಿಲ್ಲ. ನನ್ ಬಾಯಿ ನೋಡ್ತಾರೆ, ಗೊತ್ತು ಮಾಡ್ಕತಾರೆ."

ಆಗ ರಮ್ಯಶ್ರೀಗೆ ಅರ್ಥವಾಯಿತು, ಅತ್ತೆ ಎಲ್ಲವನ್ನೂ ಎರಡು ಸಲ ಹೇಳುವುದು ವಯಸ್ಸಿಗಲ್ಲ ಎಂದು. ಮನೆಯಲ್ಲಿ ಬೇರೆಯವರು ಆಡಿದ್ದನ್ನೆಲ್ಲ ಗಂಡನ ಕಣ್ಣಿಗೆ ಕಾಣುವ ಹಾಗೆ ಇನ್ನೊಮ್ಮೆ ಆಡುತ್ತಿದ್ದರು. ನಗಿಸಿಕೊಂಡು ಆಡುತ್ತಿದ್ದರು. ಆ ಮಧ್ಯಾಹ್ನ ತಾನೂ ನಕ್ಕದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ಅತ್ತೆ, ಅಂಗಾದ್ರೆ ಆ ಮಿಷನ್ನುಗಳು..."

"ಗೊತ್ತು ಕಣವ್ವ. ಕಿರುಚೋದು ಅವರ್ಗೆ ಕೇಳ್ಸಲ್ಲ. ಇನ್ನೂ ಬಿಗೀತಾರೆ." ಲಲಿತಮ್ಮ ಈಗ ಸೊಸೆಯ ಮುಖ ನೋಡಿದರು. "ಪ್ರಸಾದಂಗೆ ಯೋಳ್ಬೇಡ. ಅವ್ನು ಕೆಟ್ಟವನಲ್ಲ, 'ಅಪ್ಪ, ನೀನು ರೆಸ್ಟ್ ತಗೋ' ಅಂತಾನೆ. ಅಷ್ಟಂದ್ರೆ ಮುಗೀತು. ಆ ಮಣೆ ಬುಟ್ರೆ ನಿಮ್ಮಾವ ಎಲ್ಲಿ ಕೂರ್ತಾರೆ, ನೀನೇ ಯೋಳು."

ಅದನ್ನು ರಮ್ಯಶ್ರೀಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಪ್ಪನಿಗೆ ಕಣ್ಣು ಮಂಜಾದಾಗ ಅಣ್ಣಂದಿರು ಬಹಳ ಪ್ರೀತಿಯಿಂದಲೇ ಕೈಯಿಂದ ಚಿಮಟ ತೆಗೆದುಕೊಂಡು, "ಇನ್ನು ಆರಾಮಾಗಿರಪ್ಪ" ಎಂದಿದ್ದರು. ಮಾರನೆಯ ದಿನದಿಂದ ಅಪ್ಪ ಬೆಳಿಗ್ಗೆ ಒಗೆದ ಬಟ್ಟೆ ತೊಟ್ಟು ಹೋಗಿ ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದರು. ಯಾವ ಬಸ್ಸಿಗೂ ಕಾಯುತ್ತಿರಲಿಲ್ಲ. ಒಂದು ವರ್ಷ ಕೂತರು, ಆಮೇಲೆ ಇಲ್ಲವಾದರು.

"ಯೋಳಲ್ಲ ಅತ್ತೆ" ಎಂದಳು.

ಹೇಳಿದ್ದೇನೋ ಹೇಳಿದಳು, ಆದರೆ ಅದು ಬಾಯಿಗೆ ಹಾಕಿಕೊಂಡ ಬಿಸಿತುಪ್ಪವಾಯಿತು. ಮರುದಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಶೆಡ್ಡಿನಲ್ಲಿ, ಪ್ರಸಾದ ಜೋಡಿಸಿಟ್ಟಿದ್ದ ಚಲುವರಾಜುವಿನ ಇಂಜಿನ್ನು ಎದ್ದಿತು. ಮೊದಲು ಮುಕ್ಕರಿಯಿತು. ಆಮೇಲೆ ಗೊಣಗಿತು. ಗೊಣಗುವುದನ್ನು ದಾಟಿ ಸಣ್ಣಗೆ, ಚೂಪಾಗಿ ಮೇಲೇರಿತು. ರಮ್ಯಶ್ರೀಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ದಾಟಿತು, ಅಯ್ಯೋ ದಾಟಿಬಿಟ್ಟಿತು ಎಂದು ಮನಸ್ಸು ಕೂಗಿತು. ಇದು ನನಗೆ ಹೇಗೆ ಗೊತ್ತಾಯಿತು ಎಂದು ಅವಳಿಗೇ ಬೆರಗಾಯಿತು. ಯಾರೂ ಕಲಿಸಿರಲಿಲ್ಲ. ಹದಿನೇಳು ವರ್ಷ ಕಿಟಕಿಯಾಚೆ ಮಾವ ಪ್ರತಿ ಇಂಜಿನ್ನನ್ನೂ ತಂದು ನಿಲ್ಲಿಸುತ್ತಿದ್ದ ಆ ಒಂದು ಜಾಗ, ಸಾಸಿವೆ ಸಿಡಿಯುವ ಹೊತ್ತು ತಿಳಿಯುವ ಹಾಗೆ, ಅವಳಿಗೆ ತಿಳಿದುಹೋಗಿತ್ತು.

ಪ್ರಸಾದ ಸಾಮಾನು ತರಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದ. ಕೈಗೆ ಸಿಕ್ಕ ಕಾಫಿ ಲೋಟ ಹಿಡಿದು ಶೆಡ್ಡಿಗೆ ಬಂದಳು.

"ಮಾವ, ಆ ಸದ್ದು ತಲೆಗೆ ಹೊಡೀತಾ ಅದೆ. ಒಸಿ ಇಳಿಸ್ತೀರಾ?" ಎಂದು ತಲೆ ಹಿಡಿದುಕೊಂಡು ತೋರಿಸಿದಳು.

ಕಾಳಪ್ಪ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸ್ಕ್ರೂ ಸಡಿಲಿಸಿದರು. ಕಿರುಚಾಟ ಇಳಿಯಿತು, ಇಳಿಯಿತು, ಗೊಣಗಾಟಕ್ಕೆ ಬಂದು ನಿಂತಿತು. ರಮ್ಯಶ್ರೀ ಕಾಫಿ ಲೋಟವನ್ನು ಅಡಿಗಲ್ಲಿನ ಮೇಲಿಟ್ಟಳು. ಕಾಳಪ್ಪ ಲೋಟ ನೋಡಿ ಸ್ಕ್ರೂಡ್ರೈವರು ತೆಗೆದರು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಶೆಡ್ಡಿನಲ್ಲಿ ಇಂಜಿನ್ನು ಎಬ್ಬಿಸುವ ಹಗ್ಗ ಎಳೆದ ಸದ್ದು ಕೇಳಿದರೆ ಲಲಿತಮ್ಮ, "ಓಗವ್ವ, ನಿಮ್ಮಾವಂಗೆ ಕಾಫಿ ಕೊಡು" ಎನ್ನುತ್ತಿದ್ದರು. ರಮ್ಯಶ್ರೀ ಲೋಟ ಹಿಡಿದು ನಿಲ್ಲುತ್ತಿದ್ದಳು. ಇಂಜಿನ್ನು ಕಿರುಚುವಷ್ಟು ಹೊತ್ತೂ ಲೋಟ ಕೈಯಲ್ಲೇ. ಗೊಣಗಿದೊಡನೆ ಅಡಿಗಲ್ಲಿನ ಮೇಲೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮೂರು ವಾರ ಒಂದು ಮಿಷನ್ನೂ ವಾಪಸ್ಸು ಬರಲಿಲ್ಲ. "ತಾತ ಎಷ್ಟು ಕಾಫಿ ಕುಡೀತಾರಮ್ಮ" ಎಂದಳು ಭೂಮಿಕ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವಾಪಸ್ಸು ಬಾರದ್ದನ್ನು ನೋಡಿ ಪ್ರಸಾದ, ತಾನು ತೂತು ಕೊರೆಯುವುದು ಬಿಟ್ಟದ್ದಕ್ಕೇ ಕೆಡುವುದು ನಿಂತಿತು ಎಂದು ತನ್ನದೇ ಲೆಕ್ಕ ಹಾಕಿಕೊಂಡಿದ್ದ. ಚಲುವರಾಜು ಮತ್ತೆ ಬಂದ.

"ಅಣ್ಣ, ಮಿಷನ್ ಬಾಳಿಕೆ ಏನೋ ಬರ್ತಾ ಅದೆ. ಆದ್ರೆ ಮೊದಲಿನ ಶಕ್ತಿ ಇಲ್ಲ. ದಪ್ಪ ದಿಮ್ಮಿಗೆ ಉಸಿರು ಬುಡ್ತದೆ. ಮೊದ್ಲು ಮಾಡ್ಕೊಟ್ಟಂಗೆ ಮಾಡ್ಕೊಡು."

"ಇಲ್ಲ ಕಣ್ಲಾ. ನಾನು ಆ ಕೆಲ್ಸ ಬುಟ್ಬುಟ್ಟೆ."

"ನಿನ್ ಕೈನಂಥ ಕೈ ಈ ಕಡೆ ಎಲ್ಲಿ ಅದೆ?"

"ನನ್ ಕೈ ನಂಬಿ ತಾನೆ ನೀನು ಗಂಜಾಂನಲ್ಲಿ ಅಗ್ಗ ಇಡ್ಕಂಡು ನಿಂತಿದ್ದು. ಆರು ಜನ, ಜೊತೆಗೆ ದಾರೀಲಿ ಓಗೋರು. ಒಂದ್ ಚೂರು ಎಚ್ಚುಕಮ್ಮಿ ಆಗಿದ್ರೆ?"

ಅಂದು ಸಂಜೆ ಸಣ್ಣ ಅರಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದ. ಊಟಕ್ಕೆ ಕೂತಾಗ, ಅಮಾವಾಸ್ಯೆ ಕಳೆದ ಮಾರನೆಯ ದಿನದಿಂದ ಕೆ.ಆರ್. ಪೇಟೆಯ ಒಂದು ರೈಸ್‌ಮಿಲ್ಲಿಗೆ ಫಿಟ್ಟರಾಗಿ ಹೋಗುತ್ತೇನೆ, ಮಾತಾಡಿ ಬಂದಾಗಿದೆ ಎಂದ.

"ಯಾಕ್ಲಾ?" ಎಂದರು ಲಲಿತಮ್ಮ.

"ಬೆಲ್ಟ್ ಬದಲಾಯಿಸೋದು, ಗ್ರೀಸ್ ಹಚ್ಚೋದು. ಕೆಟ್ರೆ ಮಿಲ್ ನಿಲ್ತದೆ ಅಷ್ಟೆ, ಯಾರ್ ತಲೆ ಮೇಲೂ ಮರ ಬೀಳಲ್ಲ."

ಕಾಳಪ್ಪ ಹೆಂಡತಿಯ ಬಾಯಿ ನೋಡಿದರು. ಲಲಿತಮ್ಮ ಈ ಸಲ ಎರಡನೆಯ ಸಲ ಹೇಳಲಿಲ್ಲ. ಹೇಳಲು ಅವರಿಂದ ಆಗಲಿಲ್ಲ. ರಮ್ಯಶ್ರೀ ಬಡಿಸುವ ಸೌಟು ಹಿಡಿದು ನಿಂತೇ ಇದ್ದಳು. ಒಂದು ಮಾತು ಅಂದರೆ ಗಂಡನ ಕೈ ಉಳಿಯುತ್ತದೆ, ಮಾವನ ಮಣೆ ಹೋಗುತ್ತದೆ. ಅನ್ನದಿದ್ದರೆ ಮಾವ ಉಳಿಯುತ್ತಾರೆ, ಗಂಡ ತನ್ನ ಕೈಯನ್ನು ತಾನೇ ಶಪಿಸಿಕೊಂಡು ಗ್ರೀಸ್ ಹಚ್ಚುತ್ತಾನೆ.

"ಏನಂತೆ ಅವ್ನು?" ಎಂದು ಕಾಳಪ್ಪ ಇನ್ನೊಮ್ಮೆ ಕೇಳಿದರು.

ಉತ್ತರ ಕೊಟ್ಟವಳು ಭೂಮಿಕ. ಪುಸ್ತಕದ ಹಿಂದಿನ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತಾತನ ಮುಂದೆ ಹಿಡಿದಳು: ಅಪ್ಪ ಮಿಲ್ಲಿಗೆ ಸೇರ್ತಾನಂತೆ, ಮಿಷನ್ ಕೆಡೋದು ತನ್ನ ಕೈಯಿಂದಲೇ ಅಂತೆ. ಪ್ರಸಾದ ಆಗಲೇ ಎದ್ದು ಹೊರಗೆ ಹೋಗಿದ್ದ. ಆ ಹುಡುಗಿಗೆ ಎಷ್ಟು ದಿನದಿಂದ ಗೊತ್ತಿತ್ತೋ, ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಕಾಳಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮಡಿಸಿದರು.

ಅಮಾವಾಸ್ಯೆಯ ಬೆಳಿಗ್ಗೆ ರಮ್ಯಶ್ರೀ ಬಾಗಿಲಿಗೆ ನೀರು ಹಾಕಲು ಬಂದಾಗ ಶೆಡ್ಡಿನಲ್ಲಿ ಸ್ಪ್ಯಾನರಿನ ಸದ್ದು. ಆ ಮನೆಯಲ್ಲಿ ಅಮಾವಾಸ್ಯೆ ದಿನ ಚಾಕುವಿಗೂ ಅರ ತಾಗಿಸುತ್ತಿರಲಿಲ್ಲ. ಮಾವ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದರು. ತಮ್ಮಯ್ಯನ ಮಿಷನ್ನು ಅಟ್ಟದಿಂದಿಳಿದು, ಬಿಚ್ಚಿ, ಗೋಣಿತಾಟಿನ ಮೇಲೆ ಸಾಲಾಗಿ ಹರಡಿತ್ತು. ಕ್ಲಚ್ಚು, ಬೋರು, ಪಿಸ್ಟನ್ನು. ಪಕ್ಕದಲ್ಲಿ ಚಲುವರಾಜುವಿನ ಮಿಷನ್ನಿನಿಂದ ತೆಗೆದ ಹಳೆಯ ಪಿಸ್ಟನ್ನು.

ಲಲಿತಮ್ಮ ಬಂದು ಕೆನ್ನೆ ಬಡಿದುಕೊಂಡರು. "ಇವತ್ತು ಮುಟ್ಬಾರ್ದು ಕಣ್ರೀ. ಅಮಾಸೆ. ಅಮಾಸೆ."

"ಕೆಲ್ಸ ಮಾಡ್ತಾ ಇಲ್ಲ ಕಣೆ, ಓದ್ತಾ ಇವ್ನಿ. ಪ್ರಸಾದನ್ನ ಕರಿ."

ಪ್ರಸಾದ ಲುಂಗಿ ಕಟ್ಟಿಕೊಳ್ಳುತ್ತ ಬಂದು ನಿಂತ. ಕಾಳಪ್ಪ ಎರಡೂ ಪಿಸ್ಟನ್ನನ್ನು ಅಡಿಗಲ್ಲಿನ ಮೇಲೆ ಜೋಡಿಯಾಗಿಟ್ಟರು.

"ಇದು ಯಾರ್ದು?"

"ಚಲುವರಾಜುದು."

"ಇದು?"

"ತಮ್ಮಯ್ಯಂದು. ಆಯಿಲ್ ಹಾಕ್ದೆ ಕೆಡಿಸ್ಕಂಡ."

ಕಾಳಪ್ಪ 'ಆಯಿಲ್' ಎಂಬುದನ್ನು ಮಗನ ತುಟಿಯಿಂದ ಓದಿ, ತಮ್ಮಯ್ಯನ ಇಂಜಿನ್ನಿನ ಕೆಳಗುಂಡಿಗೆ ಬೆರಳು ಹಾಕಿ ಮಗನ ಮೂಗಿನ ಮುಂದೆ ಹಿಡಿದರು. ಬೆರಳು ಎಣ್ಣೆಯಲ್ಲಿ ಹೊಳೆಯುತ್ತಿತ್ತು.

"ಇನ್ನೂ ಜಿನುಗ್ತಾ ಅದೆ ನೋಡು. ಪಾಪ, ಕುಡುಕ ಅಂತ ಅವನ್ನ ಬೈದ್ವಿ. ಈಗ ಗೆರೆ ನೋಡು. ನೀನು ಅರ ಹಾಕಿದ್ದು ತಪ್ಪಾಗಿದ್ರೆ ಕಂಡಿ ಅಂಚಲ್ಲಿ ಒಂದೇ ಕಡೆ ಕಚ್ಬೇಕಿತ್ತು. ಇದು ಸುತ್ತಾ ಕಾದದೆ. ಒಂದಕ್ಕೆ ನೀನು ಅರ ಹಾಕಿದ್ದೆ, ತೂತು ಕೊರೆದಿದ್ದೆ. ಇನ್ನೊಂದಕ್ಕೆ ಏನೂ ಮಾಡಿರ್ಲಿಲ್ಲ. ಎರಡ್ರಾಗೂ ಒಂದೇ ಗೆರೆ. ಎರಡಕ್ಕೂ ಕೊನೇ ಸುತ್ತು ಕೊಟ್ಟೋರ್ಯಾರು?"

ಪ್ರಸಾದ ಬಾಗಿ ಎರಡರ ಗೆರೆಯನ್ನೂ ನೋಡಿದ.

"ನಾನು ಕಣ್ಲಾ. ನಿನ್ ಕೈದು ತಪ್ಪಲ್ಲ. ನನ್ ಕಿವಿದು."

ಹೇಳಿ ಮುಗಿಸಿ ಕಾಳಪ್ಪ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ಲಲಿತಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

ಪ್ರಸಾದ ಮೊದಲು ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವಾರದಿಂದ ನಾನು ನನ್ ಕೈನ ಬೈಕಂಡು ಓಡಾಡ್ತಿದ್ರೆ ನೋಡ್ತಾ ಇದ್ಯಾ?"

"ನಮ್ಮಪ್ಪನ್ನೂ ನೋಡಿದ್ನಲ್ಲ" ಎಂದಳು ರಮ್ಯಶ್ರೀ. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಯೋಳಿದ್ರೆ ನೀವು ಏನ್ ಮಾಡ್ತಿದ್ರಿ? ಮಾವನ್ನ ಎಬ್ಬಿಸಿ ಕಟ್ಟೆ ಮೇಲೆ ಕೂರುಸ್ತಿದ್ರಿ. ಪ್ರೀತಿಯಿಂದ್ಲೇ ಕೂರುಸ್ತಿದ್ರಿ. ಯೋಳ್ದೇ ಇದ್ದಿದ್ದು ತಪ್ಪೇ. ಬೈಯಿರಿ, ಬೈಸ್ಕತೀನಿ."

ಪ್ರಸಾದ ಬೈಯಲು ಬಾಯಿ ತೆರೆದ.

"ಅವಳ್ನ ಯಾಕ್ ಬೈತೀಯ?" ಎಂದರು ಕಾಳಪ್ಪ. ಸೊಸೆಯ ಮಾತು ಅವರಿಗೆ ಕೇಳಿಸಿರಲಿಲ್ಲ, ಮಗನ ಮುಖ ಮಾತ್ರ ಕಂಡಿತ್ತು. "ಮೂರು ವಾರದಿಂದ ಮಿಷನ್ನು ಉಳಿಸಿರೋಳು ಅವ್ಳು. ಆ ಲೋಟ ಕೆಳಕ್ಕಿಡಗಂಟ ನಾನು ಸ್ಕ್ರೂ ಬುಡ್ತಿರ್ಲಿಲ್ಲ. ನಂಗೆ ಗೊತ್ತಾಗಲ್ಲ ಅಂದ್ಕಂಡಿದ್ರು ಅತ್ತೆ ಸೊಸೆ ಇಬ್ರೂವೆ. ಆರೋದ ಕಾಫಿ ಕುಡ್ದು ಕುಡ್ದು ಬಾಯಿ ಕೆಟ್ಟೋಗದೆ ಕಣವ್ವ."

ಮೊದಲು ನಕ್ಕವರು ಲಲಿತಮ್ಮ. ಅಳುತ್ತಲೇ ನಕ್ಕರು. ಪ್ರಸಾದ ಅಪ್ಪನ ಎದುರು ಕುಕ್ಕುರುಗಾಲಲ್ಲಿ ಕೂತು, ತಮ್ಮಯ್ಯನ ಪಿಸ್ಟನ್ನನ್ನು ತೆಗೆದುಕೊಂಡು ಗೆರೆಯ ಮೇಲೆ ಉಗುರು ಆಡಿಸಿದ. ಬಹಳ ಹೊತ್ತು ಆಡಿಸಿದ. ಆಮೇಲೆ ಅಪ್ಪನಿಗೆ ಕಾಣುವ ಹಾಗೆ ಮುಖ ಎತ್ತಿ, ನಿಧಾನವಾಗಿ, "ನಾಳೆ ಮಿಲ್ಲಿಗೆ ಓಗಲ್ಲ. ಆಸ್ಪತ್ರೆಗೆ ಓಗಾಣ" ಎಂದ. ಅಪ್ಪನ ಜೊತೆ ಅವನು ಹಾಗೆ ನಿಧಾನವಾಗಿ ಮಾತಾಡಿದ್ದು ಅದೇ ಮೊದಲು.

ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಆಯಿತು. ಐವತ್ತು ವರ್ಷದ ಸುತ್ತಿಗೆ ಮತ್ತು ಇಂಜಿನ್ನು ಸೇರಿ ಒಳಗಿನ ನರ ಸವೆದಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಕಿವಿಗೆ ಒಂದು ಸಣ್ಣ ಯಂತ್ರ ಬಂತು. "ಭೂಮಿಕನಂಗೆ ನಂಗೂ ಒಂದಾಯ್ತು" ಎಂದು ಕಾಳಪ್ಪ ನಕ್ಕರು. ಮನೆಯ ಮಾತು ಮುಕ್ಕಾಲು ಕೇಳಿಸತೊಡಗಿತು. ಆದರೆ ಇಂಜಿನ್ನು ಎದ್ದರೆ ಆ ಯಂತ್ರ ಎಲ್ಲ ಸದ್ದನ್ನೂ ಒಂದೇ ಗುಡ್ಡೆ ಹಾಕುತ್ತಿತ್ತು. ಶೆಡ್ಡಿನಲ್ಲಿ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಮುಂಗಾರು ಹಿಡಿಯುವ ಮೊದಲು, ಚಲುವರಾಜು ಕೇಳಿದ್ದಂತೆ ಬಲ ಹೆಚ್ಚಿಸಲು ಅವನ ಮಿಷನ್ನನ್ನು ಮತ್ತೆ ಬಿಚ್ಚಿದ್ದಾಯಿತು. ಪ್ರಸಾದ ಅಟ್ಟ ಹತ್ತಿ ಅರಗಳನ್ನು ಇಳಿಸಿದ. ಎರಡು ದಿನ ಕಂಡಿಯ ಅಂಚನ್ನು ಸವರಿ, ಬೆರಳಲ್ಲಿ ಮುಟ್ಟಿ, ಮತ್ತೆ ಸವರಿ, ತೂತು ಕೊರೆದ ಆ ಹಳೆಯ ಸೈಲೆನ್ಸರನ್ನೇ ಹಾಕಿ ಜೋಡಿಸಿದ. ತೆಗೆದುಕೊಂಡು ಹೋಗಲು ಬಂದ ಚಲುವರಾಜು ಶೆಡ್ಡಿನಲ್ಲಿ ಹಲಸಿನ ಮಣೆಯ ಪಕ್ಕ ಇನ್ನೊಂದು ಮಣೆ ಇದ್ದದ್ದನ್ನು ಕಂಡ.

"ಇದ್ಯಾರಿಗೆ ಆಚಾರ್ರೇ?"

ಕಾಳಪ್ಪ ಅವನಿಗೆ ಉತ್ತರ ಕೊಡದೆ ಬಾಗಿಲ ಕಡೆ ನೋಡಿ, "ಬಾವ್ವ, ಕೂತ್ಕೋ" ಎಂದರು. ರಮ್ಯಶ್ರೀ ಕೈ ಒರೆಸಿಕೊಳ್ಳುತ್ತ ಬಂದು ಆ ಮಣೆಯ ಮೇಲೆ ಕೂತಳು. ಕೈಯಲ್ಲಿ ಲೋಟ ಇರಲಿಲ್ಲ.

"ನಂಗೆ ಕಿವಿ ಕೇಳ್ಸಲ್ಲ ಚಲುವರಾಜು" ಎಂದರು ಕಾಳಪ್ಪ, ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ. "ಗಂಜಾಂ ಮರದ ತಪ್ಪು ನಂದು, ಇವನ್ದಲ್ಲ. ಇನ್ಮೇಲೆ ಕೈ ನಂದು, ಕಿವಿ ನಮ್ಮ ಸೊಸೇದು. ಒಪ್ಪಿಗೆ ಇದ್ರೆ ನಿಲ್ಲು, ಇಲ್ದಿದ್ರೆ ತಗಂಡೋಗು."

ಚಲುವರಾಜು ಪ್ರಸಾದನ ಮುಖ ನೋಡಿದ, ರಮ್ಯಶ್ರೀಯ ಮುಖ ನೋಡಿದ, ನಿಂತ.

ಪ್ರಸಾದ ಹಗ್ಗ ಎಳೆದ. ಇಂಜಿನ್ನು ಮುಕ್ಕರಿಯಿತು. ಕಾಳಪ್ಪ ಸ್ಕ್ರೂ ತಿರುಗಿಸುತ್ತ ಸೊಸೆಯ ಮುಖದ ಮೇಲೆ ಕಣ್ಣಿಟ್ಟರು. ಸದ್ದು ಏರಿತು, ಗೊಣಗುವುದನ್ನು ದಾಟಿತು. ರಮ್ಯಶ್ರೀ ಹೆಚ್ಚಾಯಿತೆಂದು ಅಡ್ಡಡ್ಡ ತಲೆಯಾಡಿಸಿದಳು. ಅವರು ಹಿಂದಕ್ಕೆ ತಿರುಗಿಸಿದರು, ಕಾಲು ಸುತ್ತಿನಲ್ಲಿ ಕಾಲು ಭಾಗ. ಇನ್ನೊಂದು ಚೂರು.

"ಗೊಣಗ್ತಾ ಅದೆ, ಮಾವ" ಎಂದಳು.

ಬಿಸಿ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಲಲಿತಮ್ಮ, ಅದನ್ನೇ ಇನ್ನೊಂದು ಸಲ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾಳಪ್ಪನವರ ಕೈ ಸ್ಕ್ರೂ ಬಿಟ್ಟಾಗಿತ್ತು. ತೆರೆದ ಬಾಯಿಗೆ ಬೇರೆ ಕೆಲಸವಿಲ್ಲದೆ, ಅವರು ಆ ಕಾಫಿಯನ್ನು ತಾವೇ ಒಂದು ಗುಟುಕು ಕುಡಿದರು.